ಗೇರು ಬೀಳದಾಗ

ಪುನರ್ವಸು ಮಳೆಯಲ್ಲಿ ತೊಯ್ದು ಖಾನಾಪುರದಿಂದ ಹಿಂದವಾಡಿಯ ನಮ್ಮ ಮನೆಗೆ ಬಂದ ಅಣ್ಣನವರು, ಕುಳಿತುಕೊಳ್ಳುವ ಮೊದಲೇ, “ಟ್ರ್ಯಾಕ್ಟರಿನ ಗೇರ್ ಬೀಳವಲ್ದೋ ತಮ್ಮಾ!” ಎಂದರು. ಭತ್ತದ ಸಸಿ ಬಲಿಯುತ್ತಿತ್ತು. ಗದ್ದೆ ರಾಡಿಯಾಗದೆ ನಾಟಿಯಿಲ್ಲ. ಮಾರಿದ ಅಂಗಡಿಗೆ ಎರಡು ಸಲ ಹೋಗಿ ಬಂದಿದ್ದರು. “ಗೇರ್ ಬಾಕ್ಸ್ ಬಿಚ್ಚಬೇಕು, ಎಂಟು ದಿನ ಬೇಕು” ಎಂಬುದೇ ಉತ್ತರ.

ಮರುದಿನ ನಾನೂ ಹೋದೆ. ವ್ಯಾಕರಣ ಬಲ್ಲ ನನಗೆ ಯಂತ್ರದ ಗಂಧವಿಲ್ಲ. ಅಷ್ಟರಲ್ಲಿ ಒಳಗಿನಿಂದ ಬಂದ ಹಿರಿಯ ಮಿಸ್ತ್ರಿಯೊಬ್ಬರು ಕೇಳಿದರು:

“ಇಂಜಿನ್ ಬಂದ್ ಇದ್ದಾಗ ಗೇರ್ ಸರಳ ಬೀಳತಾವೇನ್ರಿ?”

“ಬೀಳತಾವ್ರೀ. ಚಾಲೂ ಇದ್ದಾಗಷ್ಟ ಕರಕರ ಅಂತಾವ.”

ಹಾಗಾದರೆ ದೋಷವು ಬಹುಶಃ ಹಲ್ಲಿನ ಚಕ್ರಗಳಲ್ಲಿಲ್ಲ, ಕ್ಲಚ್ಚು ಪೂರ್ತಿಯಾಗಿ ಬಿಡುತ್ತಿಲ್ಲ ಎಂಬುದು ಅವರ ತರ್ಕ. ಗದ್ದೆಗೇ ಬಂದು ನೋಡಿದರೆ ಪೆಡಲಿನ ಸಡಿಲು ಮಿತಿಮೀರಿತ್ತು. ಅದನ್ನು ಕೈಪಿಡಿಯ ಅಳತೆಗೆ ತಂದರು; ಅರ್ಧ ತಾಸಿನಲ್ಲಿ ಗೇರು ಬಿತ್ತು.

ವಾಚಕರೇ, ವೈದ್ಯರಿಗಾಗಲಿ ಮಿಸ್ತ್ರಿಗಾಗಲಿ ‘ಸರಿಯಿಲ್ಲ’ ಎಂದಷ್ಟೇ ಹೇಳಿದರೆ ಸಾಲದು. ಯಾವ ಗೇರು, ಯಾವ ಹೊತ್ತು, ಎಂಥ ಸದ್ದು ಎಂಬುದನ್ನು ಹೇಳಿ, ಜಾಬ್ ಕಾರ್ಡಿನಲ್ಲಿ ಬರೆಯಿಸಿ, ಅದರ ಪ್ರತಿಯನ್ನು ಪಡೆಯಬೇಕು. ಆದರೆ ಹೇಳುವವನಿಗೆ ಕೇಳುವವನೂ ಬೇಕಲ್ಲವೇ? ಅಣ್ಣನವರಿಗೆ ಉತ್ತರವು ಮೊದಲೇ ಗೊತ್ತಿತ್ತು. ಅದುವರೆಗೆ ಯಾರೂ ಪ್ರಶ್ನೆಯನ್ನೇ ಕೇಳಿರಲಿಲ್ಲ.