ಭಾಷಣ ಕೇಳಿ ಮೇಷ್ಟ್ರಾಗಬಹುದೇ?

ಬಿ.ಇಡ್. ಕಾಲೇಜುಗಳಲ್ಲಿ ಆಗಾಗ ಒಬ್ಬ ಗಣ್ಯರನ್ನು ಕರೆಸಿ ಸ್ಫೂರ್ತಿಯ ಮಾತು ಹೇಳಿಸುವುದು ವಾಡಿಕೆ. ಬಡತನದಲ್ಲಿ ಓದಿ ಮೇಲೆ ಬಂದವರ ಕಥೆ, ಗುರುವಿನ ಮಹಿಮೆ, ಒಂದೆರಡು ವಚನ, ನಡುನಡುವೆ ನಗು. ಕೇಳುವಾಗ ಮೈ ಜುಮ್ಮೆನ್ನುತ್ತದೆ. ತುಮಕೂರಿನ ಬಟವಾಡಿಯಲ್ಲಿ ಬಸ್ಸು ಹತ್ತಿ ಊರು ಸೇರುವ ಹೊತ್ತಿಗೆ ಆ ಬಿಸಿ ಆರಿರುತ್ತದೆ. ನಾಳೆ ಮೇಷ್ಟ್ರಾಗುವವರಿಗೆ ಇಂಥ ಭಾಷಣದಿಂದ ನಿಜವಾಗಿ ದಕ್ಕುವುದೇನು?

ಏನೂ ಇಲ್ಲ ಎನ್ನುವವರ ವಾದ ಬಲವಾಗಿಯೇ ಇದೆ. ಬೋಧನೆ ಕೈಗೆ ಹತ್ತುವುದು ಮಾಡಿ ಮಾಡಿ. ಬಿ.ಇಡ್. ಎರಡು ವರ್ಷದ ಕೋರ್ಸಾದಾಗ ಅದರಲ್ಲಿ ಕನಿಷ್ಠ 20 ವಾರ ಶಾಲೆಯಲ್ಲೇ ಇಂಟರ್ನ್‌ಶಿಪ್ ಇರಬೇಕೆಂದು ನಿಯಮ ಮಾಡಿದ್ದು ಇದೇ ಕಾರಣಕ್ಕೆ. ಭಿನ್ನರಾಶಿ ತಲೆಗೆ ಹತ್ತದೆ ಕಿಟಕಿಯಾಚೆ ನೋಡುತ್ತ ಕೂತ ಹುಡುಗನನ್ನು ಪಾಠದತ್ತ ತಿರುಗಿಸುವ ಉಪಾಯ ಯಾವ ವೇದಿಕೆಯಿಂದಲೂ ಬರುವುದಿಲ್ಲ. ಮೇಲಾಗಿ ಸ್ಫೂರ್ತಿಕಥೆಗಳು ಗೆದ್ದವರನ್ನೇ ತೋರಿಸುತ್ತವೆ. ಮೇಷ್ಟ್ರ ಪಾಲಿಗೆ ಬರುವವರಲ್ಲಿ ಹಿಂದೆ ಬಿದ್ದವರೇ ಹೆಚ್ಚು.

ಈ ವಾದಕ್ಕೆ ಸಾಕ್ಷಿ ದೂರದಲ್ಲಿಲ್ಲ. ಬಟವಾಡಿಯಿಂದ ಬಿ.ಎಚ್. ರಸ್ತೆಯಲ್ಲಿ ಬೆಂಗಳೂರಿನ ಕಡೆ ಹೊರಟರೆ ಕ್ಯಾತ್ಸಂದ್ರ, ಅಲ್ಲೇ ಸಿದ್ಧಗಂಗಾ ಮಠ. 1930ರಲ್ಲಿ ವಿರಕ್ತಾಶ್ರಮ ಸ್ವೀಕರಿಸಿದ ಶಿವಕುಮಾರ ಸ್ವಾಮೀಜಿ 2019ರ ಜನವರಿ 21ರಂದು ಲಿಂಗೈಕ್ಯರಾಗುವವರೆಗೆ ಈ ನೆಲದಲ್ಲಿ ಎಷ್ಟು ಸಭೆಗಳಲ್ಲಿ ಮಾತಾಡಿದರೋ ಲೆಕ್ಕ ಇಟ್ಟವರಿಲ್ಲ. ಆದರೆ ಮಠದಲ್ಲಿ ಓದಿದವರು ಮೊದಲು ನೆನೆಯುವುದು ಅನ್ನ, ಅಕ್ಷರ, ಆಶ್ರಯವನ್ನು. ಹತ್ತು ಸಾವಿರದ ಆಸುಪಾಸಿನ ಮಕ್ಕಳಿಗೆ ನಾಳೆಯೂ ಹೊತ್ತಿಗೆ ಸರಿಯಾಗಿ ಊಟ ಬೀಳಬೇಕು, ಪಾಠ ನಡೆಯಬೇಕು. ಒಂದು ದಿನದ ಉತ್ಸಾಹದಿಂದ ಆಗುವ ಕೆಲಸ ಇದಲ್ಲ. ಎಂಟು ದಶಕ ದಾಟಿದ ದಿನಚರಿಯಿಂದ ಆದದ್ದು.

ಹಾಗಂತ ಮಾತಿಗೆ ಬೆಲೆಯೇ ಇಲ್ಲ ಎಂದರೆ ಎಚ್. ನರಸಿಂಹಯ್ಯನವರ ಬದುಕು ಅದನ್ನು ಒಪ್ಪುವುದಿಲ್ಲ. ಗೌರಿಬಿದನೂರಿನ ಬಳಿಯ ಹೊಸೂರಿನ ಬಡ ಮನೆಯ ಹುಡುಗ ಬೆಂಗಳೂರಿನ ನ್ಯಾಷನಲ್ ಹೈಸ್ಕೂಲು ಸೇರಿದ್ದ. 1936ರಲ್ಲಿ ಗಾಂಧೀಜಿ ಆ ಶಾಲೆಗೆ ಬಂದು ಹಿಂದಿಯಲ್ಲಿ ಮಾತಾಡಿದಾಗ ಅದನ್ನು ಕನ್ನಡದಲ್ಲಿ ಹೇಳಿದ್ದು ಆ ಹುಡುಗ. ಮುಂದೆ 1942ರ ಚಳವಳಿಯಲ್ಲಿ ಓದು ಬಿಟ್ಟು ಜೈಲು ಕಂಡರು. ಮತ್ತೆ ಓದಿ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರಾದರು, ಪ್ರಾಂಶುಪಾಲರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಖಾದಿ ಬಿಡಲಿಲ್ಲ, ಹಾಸ್ಟೆಲಿನ ಕೋಣೆಯನ್ನೂ ಬಿಡಲಿಲ್ಲ.

ಅಂದು ಅದೇ ಮಾತು ಕೇಳಿದವರು ಇನ್ನೂ ಎಷ್ಟೋ ಮಂದಿ. ಆದರೆ ಈ ಹುಡುಗನ ಮೇಲೆ ಒಂದು ಹೊಣೆ ಇತ್ತು. ಅರ್ಥವಾಗದೆ ಕೂತವರಿಗೆ ಆ ಕ್ಷಣವೇ ಅರ್ಥ ಮಾಡಿಸಬೇಕಿತ್ತು. ಹಾಗೆ ಕೇಳುವವನು ತಲೆದೂಗಿ ಸುಮ್ಮನಾಗುವಂತಿಲ್ಲ; ಯಾವುದು ಮುಖ್ಯ, ಯಾವುದನ್ನು ಹೇಗೆ ಹೇಳಿದರೆ ಮುಟ್ಟುತ್ತದೆ ಎಂದು ಪ್ರತಿ ವಾಕ್ಯಕ್ಕೂ ಯೋಚಿಸಬೇಕು. ಅವರ ಬದುಕನ್ನು ಆ ಒಂದು ಭಾಷಣವೇ ರೂಪಿಸಿತು ಎಂದರೆ ಅತಿಶಯೋಕ್ತಿ. ಆದರೆ ಮೇಷ್ಟ್ರಾಗುವವರು ಭಾಷಣ ಕೇಳಬೇಕಾದ ರೀತಿ ಇದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಇನ್ನೊಬ್ಬರಿಗೆ ದಾಟಿಸುವ ಹೊಣೆ ಹೊತ್ತು ಕೇಳಿದ್ದು ಮಾತ್ರ ನಮ್ಮದಾಗುತ್ತದೆ.

ಸ್ಫೂರ್ತಿಭಾಷಣಗಳಲ್ಲಿ ಮತ್ತೆ ಮತ್ತೆ ಬರುವ ಅಬ್ದುಲ್ ಕಲಾಂ ಅವರ ಬಾಲ್ಯದ ಪ್ರಸಂಗವನ್ನೇ ಈ ಕಿವಿಯಿಂದ ಕೇಳಿ ನೋಡಿ. ರಾಮೇಶ್ವರದ ಶಾಲೆಯಲ್ಲಿ ಶಿವಸುಬ್ರಹ್ಮಣ್ಯ ಅಯ್ಯರ್ ಹಕ್ಕಿ ಹಾರುವ ಬಗೆಯನ್ನು ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಿದರು, ಆಮೇಲೆ ಮಕ್ಕಳನ್ನು ಸಮುದ್ರತೀರಕ್ಕೆ ಕರೆದೊಯ್ದು ಹಾರುವ ಹಕ್ಕಿಗಳನ್ನೇ ತೋರಿಸಿದರು. ಭಾಷಣಕಾರರು ಇಲ್ಲಿಂದ ನೇರ ರಾಕೆಟ್ಟಿಗೆ ಹಾರುತ್ತಾರೆ. ನಡುವಿನ ಒಂದು ಮೆಟ್ಟಿಲು ಜಾರಿಹೋಗುತ್ತದೆ: ಅರ್ಥವಾಯಿತೇ ಎಂದು ಅಯ್ಯರ್ ಕೇಳಿದಾಗ ಕಲಾಂ ಆಗಲಿಲ್ಲ ಎಂದರು, ಇನ್ನೂ ಹಲವರು ಅದನ್ನೇ ಹೇಳಿದರು. ಮೇಷ್ಟ್ರು ರೇಗಲಿಲ್ಲ, ಪಾಠದ ದಾರಿ ಬದಲಿಸಿದರು. ವಿಜ್ಞಾನಿಯಾಗಬೇಕೆನ್ನುವ ಹುಡುಗನಿಗೆ ಆ ಕಥೆಯಲ್ಲಿ ಹಕ್ಕಿ ಮುಖ್ಯ. ಶಿಕ್ಷಕನಾಗುವವನಿಗೆ ‘ಆಗಲಿಲ್ಲ’ ಎನ್ನಲು ಹೆದರದ ಆ ತರಗತಿ ಮುಖ್ಯ.

ನಮ್ಮ ಬಹುಪಾಲು ಉಪನ್ಯಾಸಗಳಲ್ಲಿ ಇಲ್ಲದ್ದೂ ಅದೇ. ಗಣ್ಯರು ಮಾತಾಡುತ್ತಾರೆ, ನೆನಪಿನ ಕಾಣಿಕೆ, ವಂದನಾರ್ಪಣೆ, ಮುಗಿಯಿತು. ಪ್ರಶ್ನೆ ಕೇಳಿದರೆ ಅವಿಧೇಯತೆ ಎಂಬ ಅಂಜಿಕೆ. ಅದೇ ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ ಜನಸಾಮಾನ್ಯರಿಗಾಗಿ ವಿಜ್ಞಾನದ ಉಪನ್ಯಾಸಗಳನ್ನು ನಡೆಸಿದರು. ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನೇ ಪರೀಕ್ಷಿಸಲು ಸಮಿತಿ ಮಾಡಿದರು. ಭಾಷಣವನ್ನು ಗೌರವಿಸುವುದಕ್ಕೂ ಪ್ರಶ್ನಿಸುವುದಕ್ಕೂ ಅವರಲ್ಲಿ ಜಗಳವಿರಲಿಲ್ಲ.

ಆದ್ದರಿಂದ ಬಿ.ಇಡ್. ಕಾಲೇಜುಗಳು ಸ್ಫೂರ್ತಿಯ ಉಪನ್ಯಾಸ ನಿಲ್ಲಿಸಬೇಕಿಲ್ಲ, ಅದನ್ನು ತರಗತಿಯನ್ನಾಗಿಸಬೇಕು. ಅರ್ಧ ಹೊತ್ತು ಮಾತಿಗೆ, ಅರ್ಧ ಹೊತ್ತು ಪ್ರಶ್ನೆಗೆ. ಕೇಳಿದ ಪ್ರಶಿಕ್ಷಣಾರ್ಥಿ ಮರುದಿನ ಅದರಲ್ಲೊಂದು ಅಂಶವನ್ನು ಹಿಡಿದು ಏಳನೇ ತರಗತಿಗೆ ಒಂದು ಪಾಠಯೋಜನೆ ಬರೆಯಲಿ. ಬರೆಯಲು ಏನೂ ಸಿಗದಿದ್ದರೆ ಆ ಭಾಷಣ ಬರೀ ಮನರಂಜನೆಯಾಗಿತ್ತು ಎಂದರ್ಥ. ಸಿಕ್ಕಿದರೆ, ಅದು ಇಂಟರ್ನ್‌ಶಿಪ್ಪಿನ ಮೊದಲ ದಿನವೇ ಪರೀಕ್ಷೆಗೆ ಒಳಪಡಲಿ.