ಟಮಕಕ್ಕೂ ಬರಲಿ ಎರಡು ದೇಶದ ಪದವಿ

ಮಾಲೂರು, ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಪೋಷಕರಿಗೆ, ವಿದ್ಯಾರ್ಥಿಗಳಿಗೆ, ಜನಪ್ರತಿನಿಧಿಗಳಿಗೆ

ಮಾರಿಕುಪ್ಪಂ ಕಡೆಯಿಂದ ಬರುವ ಬೆಳಗಿನ ಪ್ಯಾಸೆಂಜರ್ ಮಾಲೂರು ತಲುಪುವ ಹೊತ್ತಿಗೆ ಸೀಟಿನ ಮಾತೇ ಇಲ್ಲ. ಬಾಗಿಲ ಬಳಿ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಊಟದ ಡಬ್ಬಿ ಹಿಡಿದು ನಿಂತ ಕಾಲೇಜು ಮಕ್ಕಳು. ದೇವನಗೊಂದಿ ದಾಟಿದರೆ ವೈಟ್‌ಫೀಲ್ಡ್. ಬ್ರಿಟನ್ನಿನ ಲಿವರ್‌ಪೂಲ್ ವಿಶ್ವವಿದ್ಯಾಲಯ ತನ್ನ ಬೆಂಗಳೂರು ಕ್ಯಾಂಪಸ್ಸಿಗೆ ಆರಿಸಿಕೊಂಡಿರುವುದು ಇದೇ ವೈಟ್‌ಫೀಲ್ಡನ್ನು. 2025ರ ಮೇ ತಿಂಗಳಲ್ಲಿ ಅದಕ್ಕೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಸಮ್ಮತಿ ಪತ್ರ ಸಿಕ್ಕಿತು. 2026ರ ಆಗಸ್ಟ್‌ಗೆ ತರಗತಿ ಎಂಬ ಪ್ರಕಟಣೆಯೂ ಆಯಿತು. ವಿದೇಶಿ ವಿದ್ಯೆ ಮಾಲೂರಿನ ರೈಲುದಾರಿಗೇ ಬಂದು ಕೂತಿದೆ. ಹೆಂಚಿನ ಕಾರ್ಖಾನೆಯಲ್ಲಿ ದುಡಿಯುವವರ ಮಗಳು ಅಲ್ಲಿ ಇಳಿದು ಆ ಗೇಟಿನೊಳಗೆ ಹೋಗಬಲ್ಲಳೇ ಎಂಬುದು ಮಾತ್ರ ಫೀಸಿನ ಪಟ್ಟಿ ನೋಡಿದ ಮೇಲಿನ ಮಾತು.

ಅವಳಿಗೆ ಇನ್ನೊಂದು ದಾರಿ ಇದೆ. ಅದನ್ನು ತೆರೆಯಬೇಕಾದದ್ದು ಸರ್ಕಾರಿ ವಿಶ್ವವಿದ್ಯಾಲಯ.

2022ರ ಮೇ ತಿಂಗಳಲ್ಲಿ ಯುಜಿಸಿ ಹೊರಡಿಸಿದ ನಿಯಮಾವಳಿಯಲ್ಲಿ ವಿದೇಶಿ ವಿಶ್ವವಿದ್ಯಾಲಯಗಳ ಜೊತೆಗಿನ ಮೂರು ಬಗೆಯ ಸಹಯೋಗಗಳಿವೆ. ಟ್ವಿನ್ನಿಂಗ್ ಎಂದರೆ ಓದಿನ ಒಂದು ಪಾಲು ಮಾತ್ರ ಹೊರದೇಶದಲ್ಲಿ, ಪದವಿ ಇಲ್ಲಿಯದೇ. ಜಂಟಿ ಪದವಿಯಲ್ಲಿ ಒಂದೇ ಪ್ರಮಾಣಪತ್ರ, ಎರಡು ಲಾಂಛನ. ಡ್ಯುಯಲ್ ಡಿಗ್ರಿಯಲ್ಲಿ ಎರಡೂ ವಿಶ್ವವಿದ್ಯಾಲಯಗಳು ಬೇರೆಬೇರೆಯಾಗಿ, ಏಕಕಾಲಕ್ಕೆ ಪದವಿ ಕೊಡುತ್ತವೆ; ಕನಿಷ್ಠ ಶೇ. 30ರಷ್ಟು ಕ್ರೆಡಿಟ್ ಭಾರತದಲ್ಲೇ ಗಳಿಸಬೇಕು. 160 ಕ್ರೆಡಿಟ್ಟಿನ ಕೋರ್ಸಾದರೆ 48. ಇದು ಕನಿಷ್ಠ ಮಿತಿ. ಬಡವರ ಮಕ್ಕಳಿಗೆ ಅನುಕೂಲವಾಗುವಂತೆ ಮೂರು ವರ್ಷ ಇಲ್ಲಿ, ಒಂದು ವರ್ಷ ಅಲ್ಲಿ ಎಂದು ಒಪ್ಪಂದ ಮಾಡಿಕೊಳ್ಳಲು ಅಡ್ಡಿಯಿಲ್ಲ. ನಾಲ್ಕು ವರ್ಷದ ಪರದೇಶದ ಬಾಡಿಗೆ, ಊಟದ ಖರ್ಚು ಒಂದೇ ವರ್ಷಕ್ಕೆ ಇಳಿಯುತ್ತದೆ.

ಪಿಯು ಫಲಿತಾಂಶ ಬಂದ ವಾರ ‘ಫಾರಿನ್ ಟೈ-ಅಪ್’ ಎಂದು ಬಣ್ಣದ ಕಾಗದ ಹಿಡಿದು ಬರುವವರು ಈ ಮೂರರ ವ್ಯತ್ಯಾಸ ಹೇಳುವುದಿಲ್ಲ. ಬರೀ ಒಡಂಬಡಿಕೆಯ (ಎಂಒಯು) ಫೋಟೋ ತೋರಿಸಿದರೆ ಪದವಿ ಬರುವುದಿಲ್ಲ. ಆನ್‌ಲೈನ್ ಕೋರ್ಸಿಗೂ, ಫ್ರಾಂಚೈಸಿ ವ್ಯವಸ್ಥೆಗೂ ಈ ನಿಯಮದಲ್ಲಿ ಜಾಗವಿಲ್ಲ. ನಡುವೆಯೇ ವೀಸಾ ಕೈಕೊಟ್ಟರೆ ಗಳಿಸಿದ ಕ್ರೆಡಿಟ್ ಏನಾಗುತ್ತದೆ ಎಂಬುದನ್ನು ಸಂಸ್ಥೆಗಳು ಮೊದಲೇ ಸ್ಪಷ್ಟಪಡಿಸಬೇಕು. ಹಣ ಕಟ್ಟುವ ಮುಂಚೆ ಪೋಷಕರು ಅದನ್ನು ಬರಹದಲ್ಲಿ ಕೇಳಿ ಪಡೆಯಲಿ.

ಕನ್ನಡನಾಡಿಗೆ ಇದು ತೀರಾ ಹೊಸತೇನಲ್ಲ. ಮೆಲಕಾ ಮಣಿಪಾಲ ವೈದ್ಯಕೀಯ ಕಾಲೇಜು 1997ರಲ್ಲಿ ಶುರುವಾದಾಗ ಮಲೇಷಿಯಾದ ಮಕ್ಕಳು ಓದಿನ ಮೊದಲ ಭಾಗವನ್ನು ಮಣಿಪಾಲದಲ್ಲಿ, ಉಳಿದದ್ದನ್ನು ತಮ್ಮ ದೇಶದಲ್ಲಿ ಮುಗಿಸುತ್ತಿದ್ದರು. ಬೆಂಗಳೂರಿನ ಎಂ.ಎಸ್. ರಾಮಯ್ಯ ಸಂಸ್ಥೆ ಇಂಗ್ಲೆಂಡಿನ ಕೊವೆಂಟ್ರಿ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪದವಿಯನ್ನು ಇಲ್ಲೇ ಓದಿಸಿತು. ಕೆಲಸ ಆಗುತ್ತದೆ ಎಂಬುದಕ್ಕೆ ಸಾಕ್ಷಿ ಇಷ್ಟು ಸಾಕು. ಎರಡೂ ಖಾಸಗಿ ಎಂಬುದನ್ನೂ ಗಮನಿಸಬೇಕು.

ಸರ್ಕಾರಿ ಕಡೆ ಏನಾಗಬಹುದು? 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಒಡೆದು ಮೂರಾದಾಗ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಕೋಲಾರದ ಟಮಕಕ್ಕೆ ಬಂತು. ವಿದೇಶದವರು ಟಮಕಕ್ಕೆ ಯಾಕೆ ಬರುತ್ತಾರೆ ಎಂದು ನಗುವವರು ಒಮ್ಮೆ ಲಕ್ಷ್ಮೀಸಾಗರ ಕೆರೆಯ ಏರಿ ಹತ್ತಿ ನೋಡಲಿ. 2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಕೊಳವೆಯಲ್ಲಿ ಬಂದು ಬಿದ್ದದ್ದು ಅಲ್ಲಿಗೆ. ದಿನಕ್ಕೆ 44 ಕೋಟಿ ಲೀಟರ್ ನೀರು ಕೆರೆಯಿಂದ ಕೆರೆಗೆ ಹರಿದು ಅಂತರ್ಜಲ ತುಂಬಲಿ ಎಂಬ ಯೋಜನೆ ಅದು. ಸಾವಿರ ಅಡಿ ಕೊರೆದರೂ ಬರೀ ದೂಳು ಹಾರುತ್ತಿದ್ದ ನೆಲದಲ್ಲಿ ನೀರು ಕಂಡ ಖುಷಿ ಒಂದು ಕಡೆ. ನೊರೆ ಉಕ್ಕಿದ್ದು, ಎರಡೇ ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತ ಬೇಕೆಂಬ ಹೋರಾಟ, ಸುಪ್ರೀಂ ಕೋರ್ಟಿನವರೆಗೆ ಹೋದ ವ್ಯಾಜ್ಯ ಇನ್ನೊಂದು ಕಡೆ. ಹೀರೇಕಾಯಿ, ಟೊಮೆಟೊ, ಹಾಲಿಗೆ ಈ ನೀರು ಏನು ಮಾಡುತ್ತದೆ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಇಷ್ಟು ದೊಡ್ಡ ಪ್ರಯೋಗಶಾಲೆ ಬೇರೆಲ್ಲಿದೆ? ಕೊಳಚೆ ನೀರನ್ನೇ ಸೋಸಿ ‘ನ್ಯೂವಾಟರ್’ ಎಂದು 2003ರಿಂದ ಬಳಸುತ್ತಿರುವ ಸಿಂಗಪುರದ ವಿಶ್ವವಿದ್ಯಾಲಯಕ್ಕೆ ಕೋಲಾರ ಕಲಿಸುವುದಿದೆ, ಅಲ್ಲಿಂದ ಕಲಿಯುವುದೂ ಇದೆ. ನೀರಿನ ವಿಜ್ಞಾನದಲ್ಲಿ ಒಂದು ಡ್ಯುಯಲ್ ಡಿಗ್ರಿ ಇಲ್ಲಿಂದಲೇ ಶುರುವಾಗಲಿ.

ಹೊರದೇಶದಲ್ಲಿ ಓದಿದ ಮಾದರಿ ನಮ್ಮಲ್ಲೇ ಇದೆ. ಅಂದಿನ ಕೋಲಾರ ಜಿಲ್ಲೆಯ ಹೊಸೂರಿನ ಶಿಕ್ಷಣ ತಜ್ಞ ಎಚ್. ನರಸಿಂಹಯ್ಯ ಹೈಸ್ಕೂಲು ಓದಲು ಬೆಂಗಳೂರಿಗೆ ಕಾಲ್ನಡಿಗೆಯಲ್ಲೇ ಹೋದವರು. 1960ರಲ್ಲಿ ಅಮೆರಿಕದ ಒಹಾಯೊದಲ್ಲಿ ಪಿಎಚ್.ಡಿ. ಮುಗಿಸಿ, ತಾವು ಕಲಿಸುತ್ತಿದ್ದ ಬೆಂಗಳೂರಿನ ನ್ಯಾಷನಲ್ ಕಾಲೇಜಿಗೇ ಮರಳಿದರು. ಅಂಥ ಛಲ ಎಲ್ಲ ಮಕ್ಕಳಲ್ಲೂ ಇರಬೇಕೆಂದು ಕೇಳುವುದು ಅನ್ಯಾಯ. ಸಾಧಾರಣ ಹುಡುಗಿಗೂ ದಾರಿ ಸಿಗುವಂತೆ ಮಾಡುವುದು ಸರ್ಕಾರದ ಕೆಲಸ.

ಆದರೆ ಯುಜಿಸಿ ನಿಯಮದ ಬಾಗಿಲು ಸುಲಭದ್ದಲ್ಲ. ಭಾರತದ ಸಂಸ್ಥೆಗೆ ಗುಣಮಟ್ಟ ಅಳೆಯುವ ನ್ಯಾಕ್‌ನಲ್ಲಿ ಕನಿಷ್ಠ 3.01 ಅಂಕ ಬೇಕು, ಇಲ್ಲವೇ ರಾಷ್ಟ್ರೀಯ ಶ್ರೇಯಾಂಕ ಪಟ್ಟಿ ಎನ್‌ಐಆರ್‌ಎಫ್‌ನ ಮೊದಲ ನೂರು ವಿಶ್ವವಿದ್ಯಾಲಯಗಳಲ್ಲಿ ಸ್ಥಾನವಿರಬೇಕು. ಕಾಯಂ ಅಧ್ಯಾಪಕರು, ಪ್ರಯೋಗಾಲಯ, ಗ್ರಂಥಾಲಯವಿಲ್ಲದೆ ಆ ಅಂಕ ಬರದು. ಆದ್ದರಿಂದ ಜಿಲ್ಲೆಯ ಶಾಸಕರು ಮುಂದಿನ ಬಜೆಟ್ಟಿಗೆ ಮೊದಲು ಟಮಕದ ಖಾಲಿ ಹುದ್ದೆಗಳ ಪಟ್ಟಿಯನ್ನು ಸದನದಲ್ಲಿ ಕೇಳಲಿ. ಕೇಂದ್ರದ ರಾಷ್ಟ್ರೀಯ ವಿದೇಶ ವಿದ್ಯಾರ್ಥಿವೇತನ ಸ್ನಾತಕೋತ್ತರ, ಪಿಎಚ್.ಡಿ. ಓದಿಗಷ್ಟೇ ಇದೆ; ಹಾಗಾಗಿ ಪದವಿಯ ಆ ಒಂದು ವಿದೇಶಿ ವರ್ಷದ ಖರ್ಚನ್ನು ಸರ್ಕಾರಿ ಕಾಲೇಜಿನ ಮಕ್ಕಳಿಗೆ ರಾಜ್ಯವೇ ಭರಿಸಲಿ, ವಿಮಾನದ ಟಿಕೆಟ್ಟೂ ಸೇರಿ.