ಗೈರುಹಾಜರಾದ ಘಟಕ, ಎಚ್ಚರವಿರಬೇಕಾದ ಒಡೆಯ

ಲೆಕ್ಕಪತ್ರ, ದಾಸ್ತಾನು, ಬಿಲ್ಲಿಂಗ್ ಎಲ್ಲವೂ ಸರ್ವರ್‌ಗಳ ಸಮೂಹವನ್ನೇ ನೆಚ್ಚಿರುವಾಗ, ಅದರ ಸ್ಥಿತಿಸೂಚಕ ಪದಗಳ ಅರ್ಥವನ್ನು ತಂತ್ರಜ್ಞರಿಗಷ್ಟೇ ಬಿಡುವುದು ಉದ್ಯಮಿಗೆ ತರವಲ್ಲ.

2014ರಲ್ಲಿ ಮಾರುಕಟ್ಟೆಗೆ ಬಂದ ವಿಎಂವೇರ್‌ನ ವಿ-ಸ್ಯಾನ್ ವ್ಯವಸ್ಥೆಯನ್ನೇ ಗಮನಿಸಬಹುದು. ಒಂದು ವೈಫಲ್ಯವನ್ನು ತಾಳಿಕೊಳ್ಳುವ ಸಾಮಾನ್ಯ ಏರ್ಪಾಡಿನಲ್ಲಿ ದತ್ತಾಂಶದ ಎರಡು ಪ್ರತಿಗಳು ಎರಡು ಸರ್ವರ್‌ಗಳಲ್ಲಿಯೂ, ‘ವಿಟ್ನೆಸ್’ ಎಂಬ ಸಾಕ್ಷಿ ಘಟಕ ಮೂರನೆಯದರಲ್ಲಿಯೂ ಇರುತ್ತವೆ. ಡಿಸ್ಕ್ ಕೆಟ್ಟಿರುವುದು ಖಚಿತವಾದರೆ ಆ ಘಟಕ ‘ಡಿಗ್ರೇಡೆಡ್’. ಮರುನಿರ್ಮಾಣ ಒಡನೆಯೇ ಆರಂಭವಾಗುತ್ತದೆ. ಸಂಪರ್ಕ ಕಡಿದ ಸರ್ವರ್ ಮರಳಬಹುದೆಂದಿದ್ದರೆ ‘ಆಬ್ಸೆಂಟ್’. ಆಗ ವ್ಯವಸ್ಥೆಯು ಪೂರ್ವನಿಗದಿಯಂತೆ 60 ನಿಮಿಷ ಕಾಯುತ್ತದೆ. ಅಲ್ಪಕಾಲದ ಗೈರಿಗೆ ಎಲ್ಲವನ್ನೂ ಮರುನಕಲು ಮಾಡುವುದು ವ್ಯರ್ಥವಾದುದರಿಂದ ಈ ಕಾಯುವಿಕೆ ವಿವೇಕಯುತವೇ ಸರಿ.

ಆದರೆ ಆ ಅವಧಿಯಲ್ಲಿ ಕೆಲಸ ಎಂದಿನಂತೆ ಸಾಗುವುದರಿಂದ ಅಪಾಯ ಕಣ್ಣಿಗೆ ಬೀಳುವುದಿಲ್ಲ. ಪ್ರತಿ ಘಟಕಕ್ಕೂ ಮತವಿದ್ದು, ಅರ್ಧಕ್ಕಿಂತ ಹೆಚ್ಚು ಮತಗಳಿದ್ದರೆ ಮಾತ್ರ ದತ್ತಾಂಶ ದೊರೆಯುತ್ತದೆ. ಅರಿಯದೆ ಮತ್ತೊಂದು ಸರ್ವರನ್ನು ದುರಸ್ತಿಗೆ ನಿಲ್ಲಿಸಿದರೆ ವಹಿವಾಟೇ ನಿಂತೀತು. ಮೂರೇ ಸರ್ವರ್‌ಗಳಿರುವ ಕಡೆ, ಗಂಟೆ ಕಳೆದರೂ ಹೊಸ ಘಟಕಕ್ಕೆ ನೆಲೆಯೇ ಇರದು.

ಆದುದರಿಂದ ನಾಲ್ಕನೆಯ ಸರ್ವರ್‌ನ ವೆಚ್ಚವನ್ನು ವಿಮೆಯ ಕಂತೆಂದೇ ಭಾವಿಸಬೇಕು. ಎಲ್ಲ ಘಟಕಗಳೂ ‘ಆಕ್ಟಿವ್’ ಆಗುವವರೆಗೆ ಇನ್ನೊಂದು ಸರ್ವರನ್ನು ಮುಟ್ಟಬಾರದೆಂಬ ಲಿಖಿತ ನಿಯಮವೂ, ಸಮೂಹದ ಹೊರಗೆ ಪ್ರತ್ಯೇಕ ಬ್ಯಾಕಪ್ಪೂ ಇರಬೇಕು. ಇವನ್ನು ವಿಧಿಸುವ ಹೊಣೆ ಆಡಳಿತ ವರ್ಗದ್ದು.